ಟಿ-34/85 ಟ್ಯಾಂಕ್ ಮಾದರಿಗೆ ಬಣ್ಣ, ಕಲೆ, ಧೂಳು: ಮೊದಲಿಂದ ಕೊನೆಯವರೆಗೆ

1/35 ಅಳತೆಯ ಟ್ಯಾಂಕ್ ಮಾದರಿಯ ಮೇಲೆ ಬ್ರಷ್ಷಿನ ತುದಿಯಿಂದ 2 ಮಿಲಿಮೀಟರ್ ಅಗಲದ ಒಂದು ಗೀರು ಹಾಕಿ ನೋಡಿ. ಕಣ್ಣಿಗೆ ಏನೂ ಅಲ್ಲ ಅನಿಸುತ್ತದೆ. ಈಗ ಅದನ್ನು 35ರಿಂದ ಗುಣಿಸಿ. ನಿಜವಾದ ಟ್ಯಾಂಕಿನ ಮೇಲೆ ಅದು 7 ಸೆಂಟಿಮೀಟರ್ ಅಗಲಕ್ಕೆ ಬಣ್ಣ ಕಿತ್ತುಹೋದ ಜಾಗ. ಹೆಚ್ಚುಕಮ್ಮಿ ಒಂದು ಅಂಗೈ ಅಗಲ. ಅಲ್ಲಿಗೆ ಏನು ಬಡಿಯಿತು? ಯಾರ ಕಾಲು ತಾಗಿತು? ಇದಕ್ಕೆ ನಿಮ್ಮ ಹತ್ತಿರ ಉತ್ತರ ಇಲ್ಲ ಅಂದರೆ ಆ ಗೀರು ಅಲ್ಲಿ ಇರಬಾರದು.

ಮಾದರಿಗೆ ಬಣ್ಣ ಹಚ್ಚುವಾಗ ನಾನು ಪಾಲಿಸುವ ನಿಯಮ ಇದೊಂದೇ. ಪ್ರತಿ ಕಲೆಗೂ ಕಾರಣ ಬೇಕು. ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಹಿಡಿಯುವುದು, ವಾಶ್ (ಸಂದುಗಳಿಗೆ ಹರಿಸುವ ತೀರಾ ತೆಳು ಬಣ್ಣ) ಕೊಡುವುದು ಎಲ್ಲ ಕೈಗೆ ತಾನಾಗಿ ಕೂರುತ್ತದೆ. ಕಾರಣ ಹುಡುಕುವುದನ್ನು ಮಾತ್ರ ಬೇಕೆಂದೇ ಕಲಿಯಬೇಕು. ಅದಕ್ಕೆ ಇಲ್ಲಿ ಒಂದೇ ಟ್ಯಾಂಕ್ ತೆಗೆದುಕೊಂಡಿದ್ದೇನೆ. 1945ರ ಏಪ್ರಿಲ್ ಕೊನೆಯಲ್ಲಿ ಬರ್ಲಿನ್ ಬೀದಿಗಳಲ್ಲಿ ಹೋರಾಡಿದ ಸೋವಿಯತ್ ಟಿ-34/85. ತಮಿಯಾ, ಜ್ವೆಜ್ದಾ, ಅಕಾಡೆಮಿ, ಡ್ರ್ಯಾಗನ್ ಕಂಪನಿಗಳೆಲ್ಲ ಇದರ 1/35 ಕಿಟ್, ಅಂದರೆ ನಾವೇ ಜೋಡಿಸುವ ಪ್ಲಾಸ್ಟಿಕ್ ಭಾಗಗಳ ಡಬ್ಬಿ, ಮಾಡಿವೆ. ಬಣ್ಣ ಒಂದೇ ಹಸಿರು, ಹಾಗಾಗಿ ಮೊದಲ ಸಲ ಮಾಡುವವರಿಗೂ ಇದು ಒಳ್ಳೆಯದು.

ಮೊದಲು ಟ್ಯಾಂಕನ್ನು ಓದಿ

ಡಬ್ಬಿ ತೆರೆಯುವ ಮೊದಲು ಒಂದು ಸಂಜೆ ಬರೀ ಫೋಟೋ ನೋಡಿ. ಈ ಟ್ಯಾಂಕ್ 1944ರಲ್ಲಿ ಬಂತು. ಐದು ಜನರ ಸಿಬ್ಬಂದಿ, 85 ಮಿಲಿಮೀಟರ್ ತೋಪು, ಹಿಂಭಾಗದಲ್ಲಿ ಡೀಸೆಲ್ ಎಂಜಿನ್. ನಿಜ್ನಿ ಟಾಗಿಲ್, ಗೋರ್ಕಿ, ಓಮ್ಸ್ಕ್ ಈ ಮೂರು ಊರುಗಳ ಕಾರ್ಖಾನೆಗಳಲ್ಲಿ ತಯಾರಾಯಿತು. ಒಂದೊಂದು ಕಾರ್ಖಾನೆಯ ಟರೆಟ್ (ತೋಪು ಹೊತ್ತು ಸುತ್ತ ತಿರುಗುವ ಮೇಲಿನ ಭಾಗ) ಒಂದೊಂದು ಥರ. ನಿಮ್ಮ ಕಿಟ್ ಯಾವ ಕಾರ್ಖಾನೆಯದು ಅಂತ ನೋಡಿಕೊಂಡು ಅದರದ್ದೇ ಫೋಟೋ ಹುಡುಕಿ.

ಫೋಟೋದಲ್ಲಿ ಮೂರು ವಿಷಯ ಗಮನಿಸಿ. ಬಾಡಿಯ ಬದಿಗಳು ಇಳಿಜಾರು, ಹಾಗಾಗಿ ಮಳೆನೀರು ಕೊಳೆಯನ್ನು ಹೊತ್ತು ಮಡ್‌ಗಾರ್ಡ್ ಕಡೆಗೆ ಹರಿಯುತ್ತದೆ. ಟರೆಟ್ ಮೇಲೂ ಬಾಡಿಯ ಮೇಲೂ ಕಂಬಿಗಳಿವೆ. ಕಾಲಾಳು ಸೈನಿಕರು ಟ್ಯಾಂಕಿನ ಮೇಲೆ ಹತ್ತಿ, ಆ ಕಂಬಿ ಹಿಡಿದು ಪ್ರಯಾಣ ಮಾಡುತ್ತಿದ್ದರು. ಇನ್ನು ಟ್ರ್ಯಾಕ್, ಅಂದರೆ ಚಕ್ರಗಳ ಸುತ್ತ ಓಡುವ ಉಕ್ಕಿನ ಪಟ್ಟಿ. ಮೇಲುಗಡೆ ಅದಕ್ಕೆ ಆಸರೆಯ ಸಣ್ಣ ಚಕ್ರಗಳಿಲ್ಲ, ನೇರವಾಗಿ ದೊಡ್ಡ ಚಕ್ರಗಳ ತಲೆಯ ಮೇಲೆ ಕೂರುತ್ತದೆ. ಈ ಮೂರೂ ಮುಂದೆ ಒಂದೊಂದಾಗಿ ಕೆಲಸಕ್ಕೆ ಬರುತ್ತವೆ.

ಜೋಡಣೆ

ಭಾಗಗಳನ್ನು ನಿಪ್ಪರ್‌ನಿಂದ ಕತ್ತರಿಸುವಾಗ ಒಂಚೂರು ಪ್ಲಾಸ್ಟಿಕ್ ಬಿಟ್ಟು ಕತ್ತರಿಸಿ. ಉಳಿದದ್ದನ್ನು ಬ್ಲೇಡ್, ಆಮೇಲೆ 400 ಮತ್ತು 800 ನಂಬರಿನ ಎಮರಿ ಪೇಪರ್‌ನಿಂದ ಸಮ ಮಾಡಿ. ತೋಪಿನ ನಳಿಗೆ ಎರಡು ಅರ್ಧಗಳಲ್ಲಿ ಬಂದಿದ್ದರೆ ಅಲ್ಲಿ ಅವಸರ ಬೇಡ. ಕೂಡಿಸಿದ ಗೆರೆ ಸ್ವಲ್ಪ ಕಂಡರೂ ಇಡೀ ಮಾದರಿ ಆಟಿಕೆಯಂತೆ ಕಾಣುತ್ತದೆ. ಅಂಟು ಪೂರ್ತಿ ಒಣಗಲು ಒಂದು ದಿನ ಬಿಡಿ, ನಳಿಗೆಯನ್ನು ತಿರುಗಿಸುತ್ತಾ ಉಜ್ಜಿ.

ಚಕ್ರ, ಟ್ರ್ಯಾಕ್, ಬದಿಯ ಡೀಸೆಲ್ ಸಿಲಿಂಡರ್, ಗರಗಸ, ಎಳೆಯುವ ಹಗ್ಗ ಇವನ್ನು ಈಗ ಅಂಟಿಸಬೇಡಿ. ಬೇರೆ ಬೇರೆಯಾಗಿ ಬಣ್ಣ ಹಚ್ಚಿ ಕೊನೆಗೆ ಸೇರಿಸಿದರೆ ಬ್ರಷ್ ಮೂಲೆ ಮೂಲೆಗೂ ಹೋಗುತ್ತದೆ.

ಸಣ್ಣ ಸುಧಾರಣೆಗಳಿಗೆ ದುಬಾರಿ ಸೆಟ್ ಬೇಕಿಲ್ಲ. ಕಿಟ್‌ನ ದಪ್ಪ ಕಂಬಿಗಳನ್ನು ಕತ್ತರಿಸಿ, ಡ್ರಿಲ್ ಬಿಟ್ಟಿನಿಂದ ತೂತು ಕೊರೆದು, 0.5 ಮಿಲಿಮೀಟರ್ ತಾಮ್ರದ ತಂತಿ ಬಗ್ಗಿಸಿ ಕೂರಿಸಿ. ಫೆವಿಕ್ವಿಕ್‌ನ ಒಂದು ಹನಿಯನ್ನು ಸೂಜಿಯ ತುದಿಯಲ್ಲಿ ಇಟ್ಟರೆ ಸಾಕು. ಎಳೆಯುವ ಹಗ್ಗಕ್ಕೆ ಹಳೆಯ ವಯರಿನೊಳಗಿನ ತಾಮ್ರದ ಎಳೆಗಳನ್ನು ಹೊಸೆದರೆ ಥೇಟ್ ಉಕ್ಕಿನ ಹಗ್ಗವೇ. ಮಡ್‌ಗಾರ್ಡ್ ವಿಷಯ ಸ್ವಲ್ಪ ಬೇರೆ. ನಿಜದಲ್ಲಿ ಅದು ತೆಳು ತಗಡು. 2 ಮಿಲಿಮೀಟರ್ ತಗಡು 1/35ರಲ್ಲಿ 0.06 ಮಿಲಿಮೀಟರ್ ಆಗುತ್ತದೆ. ಯಾವ ಪ್ಲಾಸ್ಟಿಕ್ ಕಿಟ್ಟೂ ಅಷ್ಟು ತೆಳ್ಳಗೆ ಅಚ್ಚು ಹಾಕಲು ಆಗುವುದಿಲ್ಲ. ಮುಂದಿನ ಅಂಚನ್ನು ಕೆಳಗಿನಿಂದ ಬ್ಲೇಡಿನಲ್ಲಿ ಹೆರೆದು ತೆಳ್ಳಗೆ ಮಾಡಿ, ಒಂದು ಮೂಲೆಯನ್ನು ಇಕ್ಕಳದಿಂದ ಸ್ವಲ್ಪ ಬಾಗಿಸಿ. ಊರೊಳಗೆ ಇಟ್ಟಿಗೆ ರಾಶಿಯ ಮೇಲೆ ಓಡಾಡಿದ ಟ್ಯಾಂಕಿನ ಮಡ್‌ಗಾರ್ಡ್ ನೆಟ್ಟಗೆ ಉಳಿಯುವುದು ಅಪರೂಪ.

ಎರಕದ ಟರೆಟ್

ಇಲ್ಲಿ ಸಮಯ ಕೊಡಿ. ನನ್ನ ಲೆಕ್ಕದಲ್ಲಿ ಈ ಟ್ಯಾಂಕಿನ ಜೀವ ಇರುವುದೇ ಇಲ್ಲಿ. ಬಾಡಿಯನ್ನು ಚಪ್ಪಟೆ ಉಕ್ಕಿನ ಹಲಗೆಗಳನ್ನು ಬೆಸುಗೆ ಹಾಕಿ ಮಾಡಿದ್ದಾರೆ. ಟರೆಟ್ ಅನ್ನು ಅಚ್ಚಿನಲ್ಲಿ ಎರಕ ಹೊಯ್ದಿದ್ದಾರೆ, ಅದೂ ಯುದ್ಧದ ಅವಸರದಲ್ಲಿ. ಮೈಯೆಲ್ಲ ಒರಟು. ಅಚ್ಚಿನ ಎರಡು ಭಾಗ ಕೂಡಿದ ಕಡೆ ಉಬ್ಬಿದ ಗೆರೆ ಹಾಗೇ ಉಳಿದಿರುತ್ತದೆ. ಕಿಟ್‌ನಲ್ಲಿ ಆ ಗೆರೆ ಇದ್ದರೆ ಅದು ಅಚ್ಚಿನ ದೋಷ ಅಂತ ಉಜ್ಜಿ ತೆಗೆಯಬೇಡಿ. ಅದು ಇರಬೇಕಾದದ್ದೇ.

ಒರಟುತನ ತರಲು ಟರೆಟ್‌ನ ಒಂದು ಬದಿಗೆ, ಎರಡು ಬೆರಳಷ್ಟು ಜಾಗಕ್ಕೆ ಮಾತ್ರ, ತೆಳು ಪ್ಲಾಸ್ಟಿಕ್ ಅಂಟು ಧಾರಾಳವಾಗಿ ಸವರಿ. ಅರ್ಧ ನಿಮಿಷ ಬಿಡಿ. ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಕೂದಲು ಗಿಡ್ಡ ಕತ್ತರಿಸಿದ ಹಳೇ ಟೂತ್‌ಬ್ರಷ್‌ನಿಂದ ನೇರವಾಗಿ ಕುಟ್ಟಿ. ಎಳೆಯಬೇಡಿ, ಬರೀ ಕುಟ್ಟಿ. ಮೊದಲು ಬ್ರಷ್ಷಿಗೆ ಎಳೆ ಎಳೆಯಾಗಿ ಅಂಟುತ್ತದೆ, ಗಾಬರಿ ಆಗಬೇಡಿ. ಇನ್ನರ್ಧ ನಿಮಿಷದಲ್ಲಿ ಸಣ್ಣ ಸಣ್ಣ ಗುಳಿ, ಉಬ್ಬು ನಿಲ್ಲುತ್ತವೆ. ಒಂದು ದಿನ ಒಣಗಿಸಿ, 600 ನಂಬರಿನ ಎಮರಿಯಿಂದ ಹಗುರವಾಗಿ ಒಮ್ಮೆ ಸವರಿ, ಚೂಪು ತುದಿಗಳು ಮಾತ್ರ ಹೋಗಲಿ. ಬೆಳಕಿಗೆ ಓರೆಯಾಗಿ ಹಿಡಿದಾಗ ಕಿತ್ತಳೆ ಸಿಪ್ಪೆಗಿಂತ ಸ್ವಲ್ಪ ಸಣ್ಣ ಒರಟು ಕಂಡರೆ ಸರಿಯಾಗಿದೆ. ಅದಕ್ಕಿಂತ ಜಾಸ್ತಿ ಬೇಡ. ಅರ್ಧ ಮಿಲಿಮೀಟರ್ ಗುಳಿ ಅಂದರೆ ನಿಜದಲ್ಲಿ ಪೌನೆ ಎರಡು ಸೆಂಟಿಮೀಟರ್ ಆಳ.

ನಳಿಗೆಗೆ, ಮೇಲಿನ ಮುಚ್ಚಳಗಳಿಗೆ ಈ ಒರಟು ಬೇಡ. ಅವು ನಯ. ನಯ ಮತ್ತು ಒರಟು ಪಕ್ಕಪಕ್ಕದಲ್ಲಿ ಇದ್ದಾಗಲೇ ಎರಕ ಎರಕದ ಹಾಗೆ ಕಾಣುವುದು.

ತೊಳೆಯುವುದು, ಪ್ರೈಮರ್

ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿ. ಕೈಯ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ. ಆಮೇಲೆ ಬೂದು ಪ್ರೈಮರ್ ಒಂದು ತೆಳು ಕೋಟ್. ತಾಮ್ರದ ತಂತಿ ಬಳಸಿದ್ದರೆ ಪ್ರೈಮರ್ ಬಿಡಲೇಬೇಡಿ.

ಸ್ಪ್ರೇ ಮಾಡುವಾಗ ಕಿಟಕಿ ತೆರೆದಿರಲಿ, ಫ್ಯಾನ್ ಹೊರಗೆ ಗಾಳಿ ತಳ್ಳಲಿ. ಮಾಮೂಲಿ ಬಟ್ಟೆ ಮಾಸ್ಕ್ ಅಥವಾ ಎನ್95 ಥಿನ್ನರ್ ಆವಿಯನ್ನು ತಡೆಯುವುದಿಲ್ಲ. ಆವಿ ಹೀರುವ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಮಕ್ಕಳಿರುವ ಮನೆಯಲ್ಲಂತೂ ಇದರಲ್ಲಿ ರಾಜಿ ಬೇಡ.

ನಮ್ಮ ಹವಾಮಾನದ ಒಂದು ಮಾತು. ಮಲೆನಾಡು, ಕರಾವಳಿಯಲ್ಲಿ ಜೂನ್-ಜುಲೈ ಮಳೆ ಹಿಡಿದಾಗ ಸ್ಪ್ರೇ ಮಾಡಬೇಡಿ. ಗಾಳಿಯ ತೇವ ವಾರ್ನಿಷ್ ಒಳಗೆ ಸಿಕ್ಕಿಕೊಂಡು ಮಂಜು ಕಟ್ಟಿದ ಹಾಗೆ ಬಿಳಿಚಿಕೊಳ್ಳುತ್ತದೆ. ಮೂರು ವಾರ ಕೆಲಸ ಮಾಡಿದ ಒಂದು ಟ್ರಕ್ ಮಾದರಿಯನ್ನು ನಾನು ಹೀಗೇ ಕಳೆದುಕೊಂಡೆ. ಆ ದಿನಗಳನ್ನು ಜೋಡಣೆಗೆ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ತೊಂದರೆ ಇದರ ಉಲ್ಟಾ. ಬಣ್ಣ ಮಾದರಿ ಮುಟ್ಟುವ ಮೊದಲೇ ಒಣಗಿ ರವೆಯಂತೆ ಕೂರುತ್ತದೆ. ಆಗ ಬೆಳಗಿನ ಹೊತ್ತು ಕೆಲಸ ಮಾಡಿ, ಥಿನ್ನರ್ ಸ್ವಲ್ಪ ಹೆಚ್ಚಿಸಿ.

ಹಸಿರು

ಸೋವಿಯತ್ ಸೇನೆಯ ಈ ಹಸಿರಿಗೆ 4ಬಿಒ ಅಂತ ಹೆಸರು. ಸ್ವಲ್ಪ ಹಳದಿ ಕಡೆಗೆ ವಾಲಿದ ಆಲಿವ್ ಹಸಿರು. ಎಕೆ ಇಂಟರಾಕ್ಟಿವ್, ವಲ್ಲೆಹೋ ಮುಂತಾದವರ ರೆಡಿ ಬಾಟಲಿ ಸಿಕ್ಕರೆ ಸರಿ. ನಾನು ತಮಿಯಾ ಎಕ್ಸ್‌ಎಫ್-58 ಆಲಿವ್ ಗ್ರೀನ್‌ಗೆ ಎಕ್ಸ್‌ಎಫ್-60 ಡಾರ್ಕ್ ಯೆಲ್ಲೋ ಸೇರಿಸಿಕೊಳ್ಳುತ್ತೇನೆ. ನಾಲ್ಕು ಭಾಗಕ್ಕೆ ಒಂದು ಭಾಗದಿಂದ ಶುರು ಮಾಡಿ, ಕಣ್ಣಿಗೆ ಹಿಡಿಸುವವರೆಗೆ ಬದಲಿಸಿ. ಬಾಟಲಿಯ ಬಣ್ಣ ಮೂಲಕ್ಕೆ ತಕ್ಕದ್ದೇ ಆಗಿದ್ದರೂ ಸಣ್ಣ ಮಾದರಿಯ ಮೇಲೆ ಕಪ್ಪಾಗಿ ಕಾಣುತ್ತದೆ. ಮುಂದೆ ಬರುವ ವಾಶ್ ಅದನ್ನು ಇನ್ನೂ ಕಪ್ಪು ಮಾಡುತ್ತದೆ. ಹಾಗಾಗಿ ಈಗ "ಅಯ್ಯೋ, ತಿಳಿ ಆಯಿತಲ್ಲ" ಅನಿಸಿದರೆ ಸರಿಯಾದ ಹದದಲ್ಲಿ ಇದೆ ಅಂತ ಅರ್ಥ.

ಬಣ್ಣದ ಹದಕ್ಕೆ ಹಾಲನ್ನು ನೆನಪಿಡಿ. ಕಪ್ ಓರೆ ಮಾಡಿದಾಗ ಬದಿಯಲ್ಲಿ ತೆಳು ಪೊರೆ ಬಿಟ್ಟು ಹಾಲು ಜಾರುತ್ತದಲ್ವಾ, ಹಾಗೇ ಜಾರಬೇಕು. ತಮಿಯಾ ಬಣ್ಣಕ್ಕೆ ಅದರದ್ದೇ ಎಕ್ಸ್-20ಎ ಥಿನ್ನರ್ ಸಮಸಮ ಹಾಕಿ ಶುರು ಮಾಡಿ. 0.3 ಮಿಲಿಮೀಟರ್ ಸೂಜಿಯ ಏರ್‌ಬ್ರಷ್‌ಗೆ 15ರಿಂದ 18 ಪಿಎಸ್‌ಐ ಒತ್ತಡ ಸಾಕು. ಮೊದಲು ಒಂದು ಪ್ಲಾಸ್ಟಿಕ್ ಚಮಚದ ಮೇಲೆ ಪರೀಕ್ಷಿಸಿ.

ಕೋಟ್ ಹಾಕುವ ಕ್ರಮ ಹೀಗೆ. ಮೂಲೆ, ಸಂದು, ಮಡ್‌ಗಾರ್ಡ್ ಕೆಳಗೆ ಹಸಿರಿಗೆ ಎಕ್ಸ್‌ಎಫ್-1 ಕಪ್ಪು ಬೆರೆಸಿದ ಗಾಢ ಬಣ್ಣ. ಅದರ ಮೇಲೆ ಎಲ್ಲ ಕಡೆ ಮೂಲ ಹಸಿರು ತೆಳ್ಳಗೆ, ಎರಡು ಮೂರು ಸಲ. ಕೊನೆಗೆ ಆಕಾಶ ನೋಡುವ ಭಾಗಗಳಿಗೆ, ಅಂದರೆ ಟರೆಟ್ ಮೇಲ್ಭಾಗ, ಎಂಜಿನ್ ಮೇಲಿನ ಹಲಗೆ, ಮುಚ್ಚಳಗಳ ನಡುವಿಗೆ, ಡಾರ್ಕ್ ಯೆಲ್ಲೋ ಹೆಚ್ಚಿಸಿದ ತಿಳಿ ಹಸಿರು. ತಿಳಿ ಮಾಡಲು ಬಿಳಿ ಹಾಕಬೇಡಿ, ಸುಣ್ಣ ಬೆರೆತ ಹಾಗೆ ಕಾಣುತ್ತದೆ.

ಏರ್‌ಬ್ರಷ್ ಇಲ್ಲವೇ? ಸ್ಪ್ರೇ ಕ್ಯಾನ್‌ನಲ್ಲಿ ಮೂಲ ಹಸಿರು ಹಾಕಿ. ಗಾಢ, ತಿಳಿ ವ್ಯತ್ಯಾಸವನ್ನು ಮುಂದೆ ಆಯಿಲ್ ಕಲರ್‌ನಲ್ಲಿ ತರಬಹುದು. ಬ್ರಷ್‌ನಲ್ಲೇ ಹಚ್ಚುವುದಾದರೆ ತಮಿಯಾ ಅಕ್ರಿಲಿಕ್ ಬೇಡ, ಎರಡನೇ ಕೋಟ್ ಮೊದಲನೆಯದನ್ನು ಎಬ್ಬಿಸುತ್ತದೆ. ವಲ್ಲೆಹೋ ತೆಗೆದುಕೊಂಡು ನೀರಿನಲ್ಲಿ ತೆಳು ಮಾಡಿ ಮೂರು ಕೋಟ್ ಕೊಡಿ.

ಚಕ್ರದ ರಬ್ಬರ್ ಪಟ್ಟಿಗೆ ಎಕ್ಸ್‌ಎಫ್-85 ರಬ್ಬರ್ ಬ್ಲ್ಯಾಕ್. ಅಚ್ಚ ಕಪ್ಪು ಬೇಡ.

ಬಿಳಿ ಪಟ್ಟಿ

ಬರ್ಲಿನ್ ದಾಳಿ 1945ರ ಏಪ್ರಿಲ್ 16ಕ್ಕೆ ಶುರುವಾಯಿತು. ಮೇ 2ಕ್ಕೆ ನಗರದ ಜರ್ಮನ್ ಪಡೆ ಶರಣಾಯಿತು. ಈ ಹೊತ್ತಿನ ಬಹಳಷ್ಟು ಸೋವಿಯತ್ ಟ್ಯಾಂಕ್‌ಗಳ ಟರೆಟ್ ಸುತ್ತ ಬಿಳಿ ಪಟ್ಟಿ, ಮೇಲೆ ಬಿಳಿ ಅಡ್ಡಗುರುತು ಕಾಣುತ್ತದೆ. ತಮ್ಮ ಮತ್ತು ಮಿತ್ರರಾಷ್ಟ್ರಗಳ ವಿಮಾನಗಳು ಗುರುತು ಹಿಡಿಯಲಿ ಅಂತ ಬಳಿದದ್ದು.

ಇಲ್ಲಿ ಬಹಳ ಜನ ತಪ್ಪುತ್ತಾರೆ. ಬಿಳಿಯನ್ನು ಕೆರೆದು, ಚಕ್ಕೆ ಎಬ್ಬಿಸಿ, ವರ್ಷಗಟ್ಟಲೆ ಹಳತಾದ ಹಾಗೆ ಮಾಡುತ್ತಾರೆ. ಟ್ಯಾಂಕ್ ಹಳೆಯದೇ ಇರಬಹುದು, ಆದರೆ ಆ ಬಿಳಿಗೆ ವಯಸ್ಸು ಕೆಲವೇ ವಾರ. ಅದು ಕಿತ್ತುಹೋಗಿರುವುದು ಕಡಿಮೆ, ಕೊಳೆಯಾಗಿರುವುದು ಜಾಸ್ತಿ. ಸೈನಿಕರು ಅದನ್ನು ಬ್ರಷ್‌ನಲ್ಲಿ ಕೈಯಾರೆ ಬಳಿದಿದ್ದರು. ನೀವೂ ಹಾಗೇ ಮಾಡಿ. ಪೆನ್ಸಿಲ್‌ನಲ್ಲಿ ತೆಳು ಗುರುತು ಹಾಕಿಕೊಂಡು, ಬಿಳಿಗೆ ಒಂದು ಹನಿ ಬಫ್ (ತಿಳಿ ಮಣ್ಣಿನ) ಬಣ್ಣ ಬೆರೆಸಿ, ಎರಡು ತೆಳು ಕೋಟ್. ಅಂಚು ಸ್ವಲ್ಪ ಓಲಾಡಿದರೆ ಒಳ್ಳೆಯದೇ. ಒರಟು ಟರೆಟ್‌ನ ಗುಳಿಗಳಲ್ಲಿ ಹಸಿರು ಇಣುಕಿದರೆ ಹಾಗೇ ಬಿಡಿ.

ಸಂಖ್ಯೆಗಳ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಹಾಕುವ ಜಾಗಕ್ಕೆ ತಮಿಯಾ ಎಕ್ಸ್-22 ಹೊಳಪಿನ ವಾರ್ನಿಷ್ ಹಾಕಿ, ಡೆಕಾಲ್ ಕೂರಿಸಿ, ಅದನ್ನು ಮೆತ್ತಗೆ ಮಾಡುವ ಸಾಫ್ಟ್‌ನರ್ ಸವರಿ. ಒರಟಿನ ಮೇಲೆ ಸಾಫ್ಟ್‌ನರ್ ಎರಡು ಮೂರು ಸಲ ಬೇಕಾಗುತ್ತದೆ. ಒಣಗಿದ ಮೇಲೆ ಇಡೀ ಮಾದರಿಗೆ ಸ್ಯಾಟಿನ್ ವಾರ್ನಿಷ್. ಒಂದು ರಾತ್ರಿ ಬಿಡಿ.

ವಾಶ್ ಮತ್ತು ಆಯಿಲ್ ಕಲರ್

ಸ್ಟೇಷನರಿ ಅಂಗಡಿಯ ಆರ್ಟಿಸ್ಟ್ ಆಯಿಲ್ ಕಲರ್ ಸಾಕು. ಬರ್ನ್ಟ್ ಅಂಬರ್, ಕಪ್ಪು, ಯೆಲ್ಲೋ ಓಕರ್, ಬಿಳಿ ಈ ನಾಲ್ಕು ಟ್ಯೂಬ್. ಟ್ಯೂಬಿನಿಂದ ರಟ್ಟಿನ ತುಂಡಿನ ಮೇಲೆ ಹಿಂಡಿ ಒಂದು ಗಂಟೆ ಬಿಡಿ. ರಟ್ಟು ಎಣ್ಣೆ ಹೀರಿಕೊಳ್ಳುತ್ತದೆ, ಬಣ್ಣ ಹೊಳಪಿಲ್ಲದೆ ಬೇಗ ಒಣಗುತ್ತದೆ. ತೆಳು ಮಾಡಲು ವಾಸನೆ ಕಡಿಮೆ ಇರುವ ವೈಟ್ ಸ್ಪಿರಿಟ್ ಒಳ್ಳೆಯದು. ಪೇಂಟ್ ಅಂಗಡಿಯ ಟರ್ಪೆಂಟೈನ್ ಬಳಸುವುದಾದರೆ ಮೊದಲು ಟ್ಯಾಂಕಿನ ತಳಭಾಗದಲ್ಲಿ ಹಚ್ಚಿ ನೋಡಿ.

ಅಂಬರ್‌ಗೆ ಸ್ವಲ್ಪ ಕಪ್ಪು ಸೇರಿಸಿ, ನೀರು ಜಾಸ್ತಿಯಾದ ಕಾಫಿ ಡಿಕಾಕ್ಷನ್ನಿನಷ್ಟು ತೆಳು ಮಾಡಿ. ಸಣ್ಣ ಬ್ರಷ್ಷಿನ ತುದಿಯನ್ನು ಬೋಲ್ಟಿನ ಬುಡಕ್ಕೆ, ಬೆಸುಗೆ ಗೆರೆಗೆ, ಮುಚ್ಚಳದ ಸಂದಿಗೆ ಮುಟ್ಟಿಸಿ. ದ್ರವ ತಾನೇ ಓಡಿ ಸಂದು ತುಂಬುತ್ತದೆ. ಇಪ್ಪತ್ತು ನಿಮಿಷದ ನಂತರ ವೈಟ್ ಸ್ಪಿರಿಟ್‌ನಲ್ಲಿ ಅದ್ದಿ ಹಿಂಡಿದ ಬ್ರಷ್‌ನಿಂದ ಹೆಚ್ಚಾದದ್ದನ್ನು ಎಳೆದು ತೆಗೆಯಿರಿ. ಇಳಿಜಾರು ಬದಿಗಳಲ್ಲಿ ಯಾವಾಗಲೂ ಮೇಲಿನಿಂದ ಕೆಳಕ್ಕೆ ಎಳೆಯಿರಿ, ಮಳೆನೀರು ಹರಿಯುವ ದಿಕ್ಕಿನಲ್ಲಿ.

ದೊಡ್ಡ ಖಾಲಿ ಜಾಗಗಳಿಗೆ ಓಕರ್, ಬಿಳಿ, ಅಂಬರ್‌ಗಳ ಸಾಸಿವೆ ಕಾಳಿನಷ್ಟು ಚುಕ್ಕೆ ಅಲ್ಲಲ್ಲಿ ಇಟ್ಟು, ಒದ್ದೆ ಬ್ರಷ್‌ನಿಂದ ಕೆಳಮುಖವಾಗಿ ಎಳೆದು ಕರಗಿಸಿ. ಬಣ್ಣದ ಗುರುತು ಕಾಣಬಾರದು, ಹಸಿರು ಒಂದೇ ಥರ ಇಲ್ಲ ಅನ್ನುವುದು ಮಾತ್ರ ಕಾಣಬೇಕು. ಆಯಿಲ್ ಒಣಗಲು ಎರಡು ದಿನ ಕೊಡಿ.

ಬಣ್ಣ ಸವೆದ ಜಾಗ

ಸೈನಿಕರು ಎಲ್ಲಿ ಹತ್ತುತ್ತಾರೆ? ಮುಂದಿನ ಹಲಗೆ, ಮಡ್‌ಗಾರ್ಡ್ ಅಂಚು, ಹಿಂದಿನ ಎಂಜಿನ್ ಹಲಗೆ. ಚಾಲಕನ ಮುಚ್ಚಳ ಮುಂದಿನ ಹಲಗೆಯಲ್ಲೇ ಇದೆ, ಅದರ ಅಂಚಿಗೆ ಬೂಟು ದಿನವೂ ತಾಗುತ್ತದೆ. ಕಮಾಂಡರ್‌ನ ಮುಚ್ಚಳದ ಸುತ್ತ ಕೈ ತಾಗುತ್ತದೆ. ಬಣ್ಣ ಸವೆಯುವುದು ಇಷ್ಟೇ ಕಡೆ. ಟರೆಟ್‌ನ ನಡು ಕೆನ್ನೆ ಸುಮ್ನೆ ಸವೆಯುವುದಿಲ್ಲ.

ಬಣ್ಣ ಕಿತ್ತ ಹಾಗೆ ತೋರಿಸಲು ಪಾತ್ರೆ ತೊಳೆಯುವ ಸ್ಪಂಜಿನ ಚೂರು ಸಾಕು. ವಲ್ಲೆಹೋ 70.822 ಕಪ್ಪು ಕಂದು ಬಣ್ಣ ಮುಟ್ಟಿಸಿ, ಕಾಗದದ ಮೇಲೆ ಒತ್ತಿ ಒತ್ತಿ ಹೆಚ್ಚಿನದನ್ನು ತೆಗೆದು, ಆಮೇಲೆ ಮಾದರಿಯ ಅಂಚಿಗೆ ಹಗುರವಾಗಿ ತಾಗಿಸಿ. ಚುಕ್ಕೆಗಳು ಸೂಜಿ ಮೊನೆಯಷ್ಟಿರಲಿ. ಬೆಳ್ಳಿ ಬಣ್ಣ ಬಳಸಬೇಡಿ. ಬಣ್ಣ ಕಿತ್ತ ಉಕ್ಕು ತೇವದ ಗಾಳಿಯಲ್ಲಿ ಬೇಗ ಕಂದಾಗುತ್ತದೆ. ಹೊಳೆಯುವುದು ದಿನವೂ ಉಜ್ಜುವ ಜಾಗ ಮಾತ್ರ. ಕಂಬಿಗಳಿಗೆ, ಮುಚ್ಚಳದ ಹಿಡಿಗೆ 6ಬಿ ಪೆನ್ಸಿಲ್‌ನ ಸೀಸವನ್ನು ಬೆರಳಿಗೆ ಹಚ್ಚಿಕೊಂಡು ತಿಕ್ಕಿ. ಕೈ ತಾಗಿ ನಯವಾದ ಉಕ್ಕಿನ ಮಂದ ಹೊಳಪು ಅದರಿಂದ ಬರುವ ಹಾಗೆ ಬೇರೆ ಯಾವ ಬಣ್ಣದಿಂದಲೂ ಬಂದದ್ದನ್ನು ನಾನು ನೋಡಿಲ್ಲ.

ಡೀಸೆಲ್ ಸಿಲಿಂಡರ್‌ನ ಕಲೆ

ಬಾಡಿಯ ಬದಿಯಲ್ಲಿ ಡೀಸೆಲ್ ತುಂಬಿದ ಸಿಲಿಂಡರ್‌ಗಳಿವೆ. ತುಂಬುವಾಗ ಚೆಲ್ಲುತ್ತದೆ. ಮೊದಲು ಚೆಲ್ಲಿದ್ದು ಒಣಗಿ ಧೂಳು ಹಿಡಿಯುತ್ತದೆ, ಅದರ ಮೇಲೆ ಹೊಸದು ಚೆಲ್ಲುತ್ತದೆ. ಹಾಗಾಗಿ ಇಲ್ಲಿ ಮೂರು ಪದರ ಬೇಕು.

ಮೊದಲು ತೆಳು ಅಂಬರ್ ಅನ್ನು ಮುಚ್ಚಳದ ಬುಡದಿಂದ ಸಿಲಿಂಡರ್‌ನ ಹೊಟ್ಟೆಯ ಮೇಲೆ ಅಗಲವಾಗಿ ಹರಿಸಿ, ಅಂಚನ್ನು ಮಸುಕು ಮಾಡಿ. ಒಣಗಿದ ಮೇಲೆ ಅದರೊಳಗೆ ಇನ್ನೂ ಕಿರಿದಾದ, ಗಾಢವಾದ ಎರಡು ಗೆರೆ. ಎರಡೂ ಒಂದೇ ಉದ್ದ ಇರಬಾರದು. ಕೊನೆಗೆ ಅಂಬರ್, ಕಪ್ಪು, ಒಂದು ಹನಿ ಹೊಳಪಿನ ವಾರ್ನಿಷ್ ಬೆರೆಸಿ, ಮುಚ್ಚಳದ ಬುಡದಲ್ಲಿ ಒಂದು ಚುಕ್ಕೆ, ಕೆಳಗೆ ಕೂದಲೆಳೆಯ ಒಂದೇ ಗೆರೆ. ಇವತ್ತು ಬೆಳಿಗ್ಗೆ ಚೆಲ್ಲಿದ್ದು ಅದು, ಇನ್ನೂ ಹೊಳೆಯುತ್ತಿದೆ. ಸಿಲಿಂಡರ್ ಹೊಟ್ಟೆಯ ಕೆಳಗೆ ಆ ಗೆರೆ ಹನಿಯಾಗಿ ಎಲ್ಲಿ ಬೀಳುತ್ತದೋ ನೋಡಿ, ಮಡ್‌ಗಾರ್ಡ್ ಮೇಲೆ ಸರಿಯಾಗಿ ಅಲ್ಲೇ ಒಂದು ಚುಕ್ಕೆ ಇಡಿ.

ಹಿಂಭಾಗದ ಎರಡು ಎಕ್ಸಾಸ್ಟ್ ಪೈಪುಗಳಿಗೆ ಕಂದು ಬಣ್ಣ, ತುದಿಗೆ ಕಪ್ಪು ಮಸಿ. ಪೈಪಿನ ಬಾಯಿ ಪ್ಲಾಸ್ಟಿಕ್‌ನಲ್ಲಿ ಮುಚ್ಚಿದ್ದರೆ ಮೊದಲೇ ಕೊರೆದಿರಿ.

ಟ್ರ್ಯಾಕ್

ಮೂಲ ಬಣ್ಣ ಎಕ್ಸ್‌ಎಫ್-64 ರೆಡ್ ಬ್ರೌನ್‌ಗೆ ಕಪ್ಪು ಸೇರಿಸಿದ ಗಾಢ ಕಂದು ಬೂದು. ಓಡುವ ಟ್ಯಾಂಕಿನ ಟ್ರ್ಯಾಕ್ ಕಿತ್ತಳೆ ತುಕ್ಕು ಹಿಡಿಯುವುದಿಲ್ಲ, ನೆಲಕ್ಕೆ ಉಜ್ಜಿ ಉಜ್ಜಿ ಹೊಳೆಯುತ್ತದೆ. ನೆಲ ಮುಟ್ಟುವ ಉಬ್ಬುಗಳಿಗೆ ಪೆನ್ಸಿಲ್ ಸೀಸ. ಟಿ-34ರ ಹಿಂದಿನ ಎಳೆಯುವ ಚಕ್ರಕ್ಕೆ ಹಲ್ಲುಗಳಿಲ್ಲ. ಒಳಗಿರುವ ಉರುಳೆಗಳು ಟ್ರ್ಯಾಕಿನ ನಡುವಿನ ಕೊಂಬುಗಳನ್ನು ತಳ್ಳುತ್ತವೆ. ಅಂದ ಮೇಲೆ ಆ ಕೊಂಬುಗಳೂ ಉಜ್ಜಿ ಹೊಳೆಯಲೇಬೇಕು. ಮುಂದಿನ ಚಕ್ರದ ಉಕ್ಕಿನ ಅಂಚಿಗೂ ಸೀಸ. ಉಳಿದ ಐದು ಚಕ್ರಗಳ ಪಟ್ಟಿ ರಬ್ಬರ್, ಅದಕ್ಕೆ ಲೋಹದ ಹೊಳಪು ಕೊಡಬೇಡಿ.

ಕೂರಿಸುವಾಗ ಮೇಲಿನ ಭಾಗ ಚಕ್ರಗಳ ತಲೆ ಮುಟ್ಟಬೇಕು, ನಡುವೆ ಸ್ವಲ್ಪ ಜೋತು ಬೀಳಬೇಕು. ರಬ್ಬರಿನಂಥ ಟ್ರ್ಯಾಕ್ ಆದರೆ ಪ್ರತಿ ಚಕ್ರದ ತಲೆಗೆ ಫೆವಿಕ್ವಿಕ್ ಹನಿ ಹಾಕಿ ಒತ್ತಿ ಹಿಡಿಯಿರಿ. ದಾರದಂತೆ ಬಿಗಿದ ಟ್ರ್ಯಾಕ್ ಕಂಡರೆ ಮಾಡಿದ ಕೆಲಸವೆಲ್ಲ ನೀರಿಗೆ ಹೋದ ಹಾಗೆ.

ಬರ್ಲಿನ್‌ನ ಧೂಳು

ಈಗ ಎಲ್ಲದರ ಮೇಲೂ ಮ್ಯಾಟ್ ವಾರ್ನಿಷ್. ಡೀಸೆಲ್ ಕಲೆಯ ಮೇಲೆ ಬೀಳದ ಹಾಗೆ ಕಾಗದ ಅಡ್ಡ ಹಿಡಿಯಿರಿ. ಪೆನ್ಸಿಲ್‌ನ ಹೊಳಪು ಮಸುಕಾದರೆ ಕೊನೆಗೆ ಇನ್ನೊಮ್ಮೆ ತಿಕ್ಕಬಹುದು.

ನನ್ನ ಮೊದಲ ಟಿ-34ಕ್ಕೆ ನಮ್ಮ ಅಂಗಳದ ಕೆಂಪು ಮಣ್ಣನ್ನೇ ಜರಡಿ ಹಿಡಿದು ಹಚ್ಚಿದ್ದೆ. ನೋಡಲು ಚೆನ್ನಾಗಿಯೇ ಇತ್ತು. ಆದರೆ ಆ ಟ್ಯಾಂಕ್ ಹೋಗದ ಊರಿನ ಮಣ್ಣು ಅದು. ಆ ಮಾದರಿಯನ್ನು ಈಗಲೂ ಇಟ್ಟುಕೊಂಡಿದ್ದೇನೆ, ನೋಡಿದಾಗಲೆಲ್ಲ ಅದೊಂದೇ ಕಣ್ಣಿಗೆ ಬೀಳುತ್ತದೆ. ಬರ್ಲಿನ್‌ನಲ್ಲಿ ಟ್ಯಾಂಕಿನ ಮೇಲೆ ಕೂತದ್ದು ಮುಖ್ಯವಾಗಿ ಒಡೆದ ಮನೆಗಳ ಧೂಳು. ಗಾರೆ ಮತ್ತು ಇಟ್ಟಿಗೆ.

ಹಾಗಾಗಿ ನಿಜವಾದ ಇಟ್ಟಿಗೆಯ ಚೂರನ್ನೇ ಎಮರಿ ಪೇಪರ್ ಮೇಲೆ ಉಜ್ಜಿ. ಬಿಳಿ ಸೀಮೆಸುಣ್ಣ ಹೆರೆದು ಪುಡಿ ಮಾಡಿ. ಸ್ವಲ್ಪ ಇದ್ದಿಲ ಪುಡಿ. ಮೂರನ್ನೂ ಬೇರೆ ಬೇರೆ ತೆಳು ಬಟ್ಟೆಯಲ್ಲಿ ಸೋಸಿ. ಸೀಮೆಸುಣ್ಣ ನಾಲ್ಕು ಭಾಗ, ಇಟ್ಟಿಗೆ ಒಂದು ಭಾಗ, ಇದ್ದಿಲು ಚಿಟಿಕೆ. ಬೂದಿಗೆ ಗುಲಾಬಿ ಛಾಯೆ ಬಂದ ಹಾಗೆ ಕಾಣುತ್ತದೆ. ಒಣ ಬ್ರಷ್‌ನಿಂದ ಮಡ್‌ಗಾರ್ಡ್ ಮೂಲೆ, ಎಂಜಿನ್ ಹಲಗೆಯ ಸಂದು, ಟರೆಟ್ ಬುಡ, ಚಕ್ರಗಳ ಒಳಭಾಗಕ್ಕೆ ಉದುರಿಸಿ. ಆಮೇಲೆ ವೈಟ್ ಸ್ಪಿರಿಟ್‌ನ ಒಂದೊಂದು ಹನಿಯನ್ನು ಅಂಚಿಗೆ ಮುಟ್ಟಿಸಿ, ತಾನೇ ಹರಡಲಿ. ಒದ್ದೆಯಾದಾಗ ಧೂಳು ಮಾಯವಾದ ಹಾಗೆ ಕಾಣುತ್ತದೆ. ಮೋಸ ಹೋಗಿ ಇನ್ನಷ್ಟು ಹಾಕಬೇಡಿ. ಒಣಗಿದ ಮೇಲೆ ಬಿಳಿ ಪೂರ್ತಿ ವಾಪಸ್ ಬರುತ್ತದೆ, ಕೆಲವೊಮ್ಮೆ ನೀವು ಅಂದುಕೊಂಡದ್ದಕ್ಕಿಂತ ಜೋರಾಗಿ. ಅರ್ಧ ಹಾಕಿ, ಒಂದು ರಾತ್ರಿ ಕಾಯಿರಿ, ಬೆಳಿಗ್ಗೆ ನೋಡಿ ತೀರ್ಮಾನಿಸಿ.

ಬೆಳಿಗ್ಗೆ ಒಂದು ಇಯರ್‌ಬಡ್ ತೆಗೆದುಕೊಂಡು ತುಸು ಒದ್ದೆ ಮಾಡಿ. ಎಂಜಿನ್ ಹಲಗೆಯ ಮೇಲೆ ನಾಲ್ಕೈದು ಜನ ಕೂತಿರುತ್ತಿದ್ದ ಜಾಗದ ಧೂಳನ್ನು ಸ್ವಲ್ಪ ಒರೆಸಿ. ಟರೆಟ್‌ನ ಕಂಬಿಗಳ ಮೇಲಿನ ಧೂಳನ್ನು ಪೂರ್ತಿ ಒರೆಸಿ, 6ಬಿ ಪೆನ್ಸಿಲ್ ಇನ್ನೊಮ್ಮೆ ತಿಕ್ಕಿ. ಆ ಕಂಬಿಯನ್ನು ಈಗ ತಾನೇ ಯಾರೋ ಹಿಡಿದಿದ್ದರು.